ನಗಾರಿ ನಿಂತಾಗ ನಡುಗಿದ ನೀರು

ಕರಡಿಗುಂಡಿನ ಕೋಟೆಯೊಳಗೆ, ಕಂಚುಗಾರನ ಕುಲುಮೆಯಲ್ಲಿ ನಾನು ಹುಟ್ಟಿದೆ. ಅಗಲ ಬಾಯಿ, ಅಂಗೈಯಷ್ಟು ಆಳ, ಅಂಚಿನ ಸುತ್ತ ಒಂದು ಬಳ್ಳಿ. ಮದುವೆಯಲ್ಲಿ ಹೆಣ್ಣು-ಗಂಡನ್ನು ನಿಲ್ಲಿಸಿ ಕಾಲು ತೊಳೆಯುವ ಹರಿವಾಣ ನಾನು. ದುರುಗಿಗಾಗಿ ಅವಳ ಅಜ್ಜ ಭರಮಣ್ಣ ನನ್ನನ್ನು ಮಾಡಿಸಿದ. ತಾಯಿ-ತಂದೆ ಇಲ್ಲದ ಹುಡುಗಿ. ನಾಲ್ಕು ಜನರೆದುರು ಬಾಯಿ ಬಿಡದವಳು. ಕಣ್ಣು ಮಾತ್ರ ಯಾವುದನ್ನೂ ಬಿಡುತ್ತಿರಲಿಲ್ಲ.

ಅವಳ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಮೂಡಲಿಂದ ದೊಡ್ಡ ದಂಡು ಬಂತು. ನಮ್ಮದು ಒಂದು ಗುಡ್ಡ, ಒಂದು ಕೆರೆ, ಏಳೆಂಟು ಹಳ್ಳಿಗಳ ನಾಡು. ಅವರದು ಆನೆ, ತೋಪು, ಕಣ್ಣು ಹಾಯುವಷ್ಟು ದೂರ ಡೇರೆ. ಕೋಟೆ ಒಪ್ಪಿಸಿ ಎಂದು ಹೇಳಿಕಳಿಸಿದರು. ನಮ್ಮ ನಾಯಕರು ನಗಾರಿ ಬಾರಿಸಲು ಹೇಳಿದರು. ಅದೇ ಉತ್ತರ.

ನಮ್ಮಲ್ಲಿ ಮುತ್ತಿಗೆ ಬಿದ್ದರೆ ನಗಾರಿ ಹಗಲಿರುಳೂ ಮೊಳಗಬೇಕು. ನಿಂತಿತೆಂದರೆ ನಾಯಕರು ಇನ್ನಿಲ್ಲವೆಂದು ಅರ್ಥ. ಸುಮ್ಮನೆ ನಿಲ್ಲಿಸಿದವನ ತಲೆ ಉಳಿಯದು. ಭರಮಣ್ಣ ನಗಾರಿಯವರ ಹಿರಿಯ. ಆ ಸದ್ದು ಕೇಳುತ್ತಲೇ ಕೂಸುಗಳು ನಿದ್ದೆ ಹೋಗುತ್ತಿದ್ದವು.

ಮದುವೆ ನಿಂತುಹೋಗಿ ನನಗೆ ಕೆಲಸವಿರಲಿಲ್ಲ. ದುರುಗಿ ನನ್ನಲ್ಲಿ ನೀರು ತುಂಬಿ ಬಡಗಣ ಗೋಡೆಯ ಬುಡದಲ್ಲಿ ಕೋಳಿಗಳಿಗೆ ಇಡುತ್ತಿದ್ದಳು. ನಗಾರಿಯ ಪ್ರತಿ ಪೆಟ್ಟಿಗೂ ನನ್ನ ನೀರು ಅಲುಗುತ್ತಿತ್ತು. ಒಂದು ಮಧ್ಯಾಹ್ನ ಅವಳು ಕೋಳಿ ಓಡಿಸಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎರಡು ಪೆಟ್ಟಿನ ನಡುವೆ ನೀರು ಸುಮ್ಮನಾಗಬೇಕಿತ್ತು. ಆಗಲಿಲ್ಲ. ನೆಲದೊಳಗಿಂದ ಬೇರೆಯೇ ಒಂದು ನಡುಕ ಬರುತ್ತಿತ್ತು. ನನ್ನ ತಳಕ್ಕೆ ಅದು ಎಂದೋ ತಾಗಿತ್ತು. ಹೇಳಲು ನನಗೆಲ್ಲಿ ಬಾಯಿ?

ಅವಳು ಮೇಲಿನ ನಗಾರಿ ಬುರುಜು ಹತ್ತಿ, ನೀರು ನಡುಗುತ್ತಿದೆಯೆಂದು ಅಜ್ಜನ ಕಿವಿಯಲ್ಲಿ ಹೇಳಿದಳು.

"ನಗಾರಿಗೆ ನಡುಗತೈತಿ ಬಿಡವ್ವಾ."

"ಹಂಗಾರ ಒಂದೀಟು ನಿಂದ್ರಸಿ ನೋಡಜ್ಜ."

"ತಲಿ ಹೋಕ್ಕೈತಿ, ಹುಚ್ಚಿ!"

ದುರುಗಿ ಅಲ್ಲಿಂದ ಕದಲಲಿಲ್ಲ. ಮುದುಕ ಅವಳ ಮುಖವನ್ನೇ ನೋಡಿದ. ಆಮೇಲೆ ಕೋಲು ಕೆಳಗಿಟ್ಟ.

ಅಂಥ ಮೌನವನ್ನು ನಾನು ಮತ್ತೆಂದೂ ಕೇಳಿಲ್ಲ. ಮೊದಲು ಒಂದು ಕೂಸು ಎದ್ದು ಅತ್ತಿತು. ಹಿಂದೆಯೇ ಹೆಂಗಸರು ಎದೆ ಬಡಿದುಕೊಂಡರು. ಹೊರಗೆ ಶತ್ರುಗಳ ಕೇಕೆ. ಕೋಟೆ ಕಾಯುವ ಕಿಲ್ಲೇದಾರ ಕತ್ತಿ ಹಿರಿದು ಬುರುಜಿಗೆ ನುಗ್ಗಿದ.

"ಯಾವನಲೇ ನಿಂದ್ರಿಸಿದಂವ?"

"ನಾನಾ," ಎಂದು ಭರಮಣ್ಣ ತಲೆ ಬಾಗಿಸಿದ.

"ಅಲ್ಲರೀ, ನಾನು ಹೇಳೇನಿ!" ಕೋಟೆ ಮೊದಲ ಬಾರಿ ದುರುಗಿಯ ದನಿ ಕೇಳಿತು. "ನನ್ನ ತಲಿ ಆಮ್ಯಾಲೆ ತಗೀರಿ. ಮೊದಲು ನೀರು ನೋಡ ಬರ್ರಿ."

ಕಿಲ್ಲೇದಾರ ಬಂದು ನನ್ನ ಮೇಲೆ ಬಾಗಿದ. ನಗಾರಿ ಸುಮ್ಮನಿತ್ತು, ನನ್ನ ನೀರು ನಡುಗುತ್ತಿತ್ತು. ನಮ್ಮ ನಗಾರಿಯ ಸದ್ದನ್ನೇ ಮರೆ ಮಾಡಿಕೊಂಡು ಅವರು ಸುರಂಗ ಕೊರೆಯುತ್ತಿದ್ದರು. ಕಿಲ್ಲೇದಾರ ಕತ್ತಿಯನ್ನು ಒರೆಗೆ ಹಾಕಿದ.

ದುರುಗಿ ನನ್ನನ್ನು ಅಲ್ಲಲ್ಲಿ ನೆಲಕ್ಕಿಟ್ಟು ನೋಡುತ್ತಾ ಗೋಡೆಯುದ್ದಕ್ಕೂ ನಡೆದಳು. ನೀರು ಹೆಚ್ಚು ನಡುಗಿದಲ್ಲಿ ನಮ್ಮವರು ಅಗೆದರು, ಕೋಟೆಯೊಳಗಿನ ಕೆರೆಯ ನೀರನ್ನು ಸುರಂಗಕ್ಕೆ ತಿರುಗಿಸಿದರು. ಗೋಡೆ ಸಿಡಿಸಲು ಅಲ್ಲಿಟ್ಟಿದ್ದ ಮದ್ದು ನೆನೆದು ಕೆಸರಾಯಿತು. ಸುರಂಗದ ಆಚೆ ಬಾಯಿಂದ ಕೆಮ್ಮುತ್ತಾ ತೆವಳಿ ಹೋದವರೂ ಯಾರದೋ ಊರಿನ ಕೂಲಿಗಳೇ, ಪಾಪ. ಭರಮಣ್ಣ ಕೋಲು ಎತ್ತಿಕೊಂಡ. ನಗಾರಿ ಮೊಳಗಿದಾಗ ಕೇಕೆ ಹಾಕಿದ್ದ ದಂಡು ಬಾಯಿ ಮುಚ್ಚಿಕೊಂಡಿತು. ಮಳೆ ಹಿಡಿದು, ಆನೆಗಳಿಗೆ ಮೇವು ಸಾಲದೆ, ಅವರು ಡೇರೆ ಕಿತ್ತರು.

ಆಮೇಲೆ ಮದುವೆಯಾಯಿತು. ಅರಿಶಿನದ ಕಾಲಿಟ್ಟು ದುರುಗಿ ನನ್ನೊಳಗೆ ನಿಂತಾಗ ನೀರು ಮತ್ತೆ ನಡುಗಿತು. ಭರಮಣ್ಣ ಬಾಗಿ ನೋಡಿದ.

"ಏನವ್ವಾ, ಮತ್ತ ಸುರಂಗ ಬಂತೇನು?"

"ಇಲ್ಲಜ್ಜ, ನನ್ನ ಕಾಲಾ ನಡುಗಾಕ ಹತ್ಯಾವು."

ಇಡೀ ಚಪ್ಪರ ನಕ್ಕಿತು. ಅವಳೂ ನಕ್ಕಳು.

ಅವಳ ಮಕ್ಕಳ ಕಾಲಕ್ಕೆ ಇನ್ನೊಂದು ದಂಡು ಬಂದು ಕೋಟೆ ಹೋಯಿತು. ನಗಾರಿಯ ಚರ್ಮವನ್ನು ಇಲಿಗಳು ತಿಂದವು. ನಾನು ಮಾತ್ರ ತಾಯಿಂದ ಮಗಳಿಗೆ ದಾಟುತ್ತಾ ಬಂದೆ. ಈಗ ಅಂಚು ನೆಗ್ಗಿದೆ, ಬಳ್ಳಿ ಸವೆದಿದೆ. ಹಿತ್ತಿಲ ಮೂಲೆಯಲ್ಲಿ ಗುಬ್ಬಿಗಳಿಗೆ ನೀರು ಹಿಡಿದು ಕೂತಿದ್ದೇನೆ. ಗಣಿಯವರು ಗುಡ್ಡದಲ್ಲಿ ಕಲ್ಲಿಗೆ ಮದ್ದಿಟ್ಟು ಸಿಡಿಸಿದಾಗಲೆಲ್ಲ ನನ್ನ ನೀರು ನಡುಗುತ್ತದೆ. ಈ ಮನೆಯ ಹುಡುಗಿಯೂ ಮಾತು ಕಡಿಮೆಯವಳು. ನಿನ್ನೆ ಟಿ.ವಿ. ಆರಿಸಿ ಬಂದು, ಗುಬ್ಬಿಗಳನ್ನು ಓಡಿಸಿ, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.