ಪಚ್ಚು ನಗುತ್ತಿರಲಿಲ್ಲ

ಶುಕ್ರವಾರ ಬಂತೆಂದರೆ ಜಿದ್ದಾದ ಅಜೀಜಿಯಾದಲ್ಲಿ ನಮ್ಮ ಊರಿನವರ ಮನೆಗಳ ಬಾಗಿಲು ಮುಚ್ಚುವುದೇ ಇಲ್ಲ. ಜುಮಾ ನಮಾಜ್ ಮುಗಿಯಬೇಕು, ಒಬ್ಬರ ಮನೆಗೆ ಇನ್ನೊಬ್ಬರು ಬಿರಿಯಾನಿಗೆ ಹೋಗಬೇಕು. ಬಂದವರಿಗೆ ಬರೀ ಊಟ ಕೊಟ್ಟರೆ ಸಾಲದು. ಮನೆಯಲ್ಲಿ ಹೊಸದಾಗಿ ಏನಿದೆಯೋ ಅದನ್ನೆಲ್ಲ ತೋರಿಸಲೇಬೇಕು. ಹೊಸ ಸೋಫಾ ಬಂದಿದ್ದರೆ ಅದರ ಮೇಲೆ ಕೂರಿಸಬೇಕು. ಹೊಸ ಮಗು ಹುಟ್ಟಿದ್ದರೆ ಅದು ಎಲ್ಲರ ಮಡಿಲಿಗೂ ಒಂದು ಸುತ್ತು ಹೋಗಿಬರಬೇಕು. ಅತೀಕುರ್ರಹ್ಮಾನರ ಮನೆಗೆ ಹೊಸದಾಗಿ ಬಂದದ್ದು ಒಂದು ಗೋಸುಂಬೆ.

ಅತೀಕುರ್ರಹ್ಮಾನ್ ಭಟ್ಕಳದವರು. ಜಿದ್ದಾದಲ್ಲಿ ಅವರದ್ದೊಂದು ಬಟ್ಟೆ ಅಂಗಡಿ ಇದೆ. ಹೆಂಡತಿ ಬತೂಲ್, ಒಬ್ಬಳೇ ಮಗಳು ಲುಜೈನ್. ನಾಲ್ಕನೇ ಕ್ಲಾಸಿನ ಈ ಹುಡುಗಿ ಬೆಕ್ಕು ಕೇಳಿದ್ದಳು. ಬತೂಲರಿಗೆ ಬೆಕ್ಕಿನ ಕೂದಲು ಆಗುವುದಿಲ್ಲ. ಅದಕ್ಕೇ ತಲೆಯ ಮೇಲೆ ಟೊಪ್ಪಿಯಂಥ ಏಣು ಇರುವ, ಎಳೆ ಬಾಳೆಲೆ ಬಣ್ಣದ ಈ ಪ್ರಾಣಿ ಸಾಕುಪ್ರಾಣಿಗಳ ಅಂಗಡಿಯಿಂದ ಮನೆಗೆ ಬಂತು. ಲುಜೈನ್ ಅದಕ್ಕೆ ಪಚ್ಚು ಎಂದು ಹೆಸರಿಟ್ಟಳು.

ಹೆಸರಿಟ್ಟದ್ದು ಮಗಳು, ಮೆರೆಸಿದ್ದು ಅಪ್ಪ. ಆ ಶುಕ್ರವಾರ ಊಟವಾದ ಮೇಲೆ ಅತೀಕ್ ಪಂಜರದೊಳಗೆ ಕೈಹಾಕಿ ಪಚ್ಚುವನ್ನು ಬೆನ್ನಿನಿಂದ ಹಿಡಿದು ಎತ್ತಿಕೊಂಡು ಬಂದರು. ಒಬ್ಬರ ಕೆಂಪು ಶಾಲಿನ ಮೇಲೆ ಬಿಟ್ಟರು, ಇನ್ನೊಬ್ಬರ ಬಿಳಿ ನಿಲುವಂಗಿ ತೋಬಿನ ಮೇಲೆ ಬಿಟ್ಟರು. ಪಚ್ಚುವಿನ ಮೈಮೇಲೆ ಕಡು ಪಟ್ಟೆಗಳು ಎದ್ದವು, ಹಳದಿ ಉರಿಯಿತು, ಕಂದು ಕಪ್ಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಧೂಪದ ಪಾತ್ರೆ ಬಂತು. ಅತಿಥಿಗಳಿಗೆ ಬಖೂರಿನ ಹೊಗೆ ಹಿಡಿಯುವುದು ಇಲ್ಲಿನ ಮರ್ಯಾದೆಯಲ್ಲವೇ? ಅತೀಕ್ ಪಚ್ಚುವಿಗೂ ಮರ್ಯಾದೆ ಕೊಟ್ಟರು, ಮೂಗಿನ ಹತ್ತಿರವೇ ಹಿಡಿದರು. ಪಚ್ಚು ಬಾಯಿ ಅಗಲಕ್ಕೆ ತೆರೆಯಿತು.

"ನೋಡಿ, ನೋಡಿ! ನಗ್ತಾ ಉಂಟು!" ಎಂದರು ಅತೀಕ್. ಕೂತವರೆಲ್ಲ ನಕ್ಕರು.

ಸೋಮವಾರ ಲುಜೈನ್ ಶಾಲೆಯಿಂದ ಬಂದಾಗ ಪಚ್ಚು ಪಂಜರದ ಕೆಳಗಿನ ಕೊಂಬೆಯಲ್ಲಿ ಮುದುಡಿ ಕೂತಿತ್ತು. ಹಾಕಿದ ಮಿಡತೆಗಳು ಹಾಗೇ ಓಡಾಡಿಕೊಂಡಿದ್ದವು. ಮಟಮಟ ಮಧ್ಯಾಹ್ನ ಅದರ ಎರಡೂ ಕಣ್ಣು ಮುಚ್ಚಿದ್ದವು.

"ಮಮ್ಮಾ, ಪಚ್ಚು ಶನಿವಾರದಿಂದ ಏನೂ ತಿಂದಿಲ್ಲ. ಇಟ್ಸ್ ನಾಟ್ ಓಕೆ," ಎಂದಳು.

ಅತೀಕ್ ಚಹಾ ಕುಡಿಯುತ್ತಾ ಕೂತಲ್ಲಿಂದಲೇ ತೀರ್ಪು ಕೊಟ್ಟರು. "ಹೊಟ್ಟೆ ತುಂಬಿರ್ಬೇಕು. ಮಲಗ್ಲಿ ಬಿಡು. ನಾವೂ ಬಿರಿಯಾನಿ ತಿಂದು ಮಲಗುದಿಲ್ವಾ?"

ಲುಜೈನಳ ಕಣ್ಣಲ್ಲಿ ನೀರು ತುಂಬಿತು. ಬತೂಲರಿಗೆ ಗಂಡನ ತೀರ್ಪಿಗಿಂತ ಮಗಳ ಮುಖದ ಮೇಲೆ ನಂಬಿಕೆ ಹೆಚ್ಚು. ಕೆಳಗಿನ ಮಹಡಿಯ ಹಫ್ಸಾಗೆ ಫೋನ್ ಮಾಡಿದರು. ಹಫ್ಸಾ ಉಡುಪಿ ಕಡೆಯವರು, ಇಲ್ಲಿಯ ಒಂದು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಡಾಕ್ಟರು.

ಹಫ್ಸಾ ಬಂದವರು ಪಂಜರದ ಹತ್ತಿರ ಹೋಗಲೇ ಇಲ್ಲ. ದೂರದ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡಿದರು. ಅತೀಕ್‌ಗೆ ಇದು ವಿಚಿತ್ರವಾಗಿ ಕಂಡಿತು.

"ಎಂತ ಡಾಕ್ಟ್ರೇ, ಮುಟ್ಟಿ ನೋಡುದಿಲ್ವಾ?"

"ಮುಟ್ಟಿದ್ದು ಜಾಸ್ತಿಯಾಗಿಯೇ ಹೀಗಾದ ಹಾಗೆ ಉಂಟು, ಅತೀಕ್ ಭಾಯ್. ಶುಕ್ರವಾರದ ವೀಡಿಯೊ ಎಂತಾದ್ರೂ ಉಂಟಾ?"

ವೀಡಿಯೊ ಇಲ್ಲದೆ ಇರುತ್ತದೆಯೇ? ಊರಿನ ಗ್ರೂಪಿಗೆಲ್ಲ ಹೋಗಿ ಬಂದಿತ್ತು. ಹಫ್ಸಾ ಅದನ್ನು ನಡುನಡುವೆ ನಿಲ್ಲಿಸಿ ತೋರಿಸಿದರು.

"ಇಲ್ಲಿ ನೋಡಿ, ನೀವು ಮೇಲಿಂದ ಕೈ ಹಾಕಿದ್ರಿ. ಕಾಡಲ್ಲಿ ಇದನ್ನು ಮೇಲಿಂದ ಬಂದು ಹಿಡಿಯುವುದು ಗಿಡುಗ ಮಾತ್ರ. ಹಾಗಾಗಿ ನಿಮ್ಮ ಕೈ ಅದಕ್ಕೆ ಗಿಡುಗನೇ. ಮೈ ಚಪ್ಪಟೆ ಮಾಡಿ ದೊಡ್ಡದಾಗಿ ಕಾಣ್ತಾ ಉಂಟು ನೋಡಿ. ಅದು 'ನಾನು ದೊಡ್ಡವ, ದೂರ ಹೋಗು' ಅಂತ ಹೇಳುದು."

"ಆದ್ರೆ ಬಣ್ಣ? ಕೆಂಪು ಶಾಲು ನೋಡಿಯೇ ಬಣ್ಣ ಬದಲಾಯಿಸಿದ್ದಲ್ವಾ?"

"ಶಾಲಿಗೂ ಅದಕ್ಕೂ ಸಂಬಂಧ ಇಲ್ಲ. ಬಿಸಿಲು, ಚಳಿ, ಭಯ, ಸಿಟ್ಟು, ಇದಕ್ಕೆಲ್ಲ ಅದರ ಬಣ್ಣ ಬದಲಾಗ್ತದೆ. ಆರಾಮಾಗಿ ಇರುವಾಗ ಪಚ್ಚು ತಿಳಿ ಹಸಿರು ಇರ್ತದಲ್ವಾ? ಕೈಗೆ ತಗೊಂಡ ಕೂಡ್ಲೆ ಹೀಗೆ ಕಡು ಪಟ್ಟೆ ಬಂದ್ರೆ ಹೆದರಿದೆ ಅಂತಲೇ."

"ನಗಾಡಿದ್ದು?"

ಹಫ್ಸಾ ವೀಡಿಯೊದ ಸದ್ದು ಜೋರು ಮಾಡಿದರು. ಜನರ ನಗುವಿನ ಅಡಿಯಲ್ಲಿ ಒಂದು ಸಣ್ಣ 'ಹಿಸ್' ಕೇಳಿಸಿತು. ಅವತ್ತು ಮನೆ ತುಂಬ ಇದ್ದವರಲ್ಲಿ ಒಬ್ಬರ ಕಿವಿಗೂ ಅದು ಬಿದ್ದಿರಲಿಲ್ಲ.

"ಬಾಯಿ ತೆರೆದು ಬುಸುಗುಟ್ಟಿದ್ದು. ಇನ್ನು ಹತ್ತಿರ ಬಂದ್ರೆ ಕಚ್ಚುತ್ತೇನೆ ಅಂತ ಲೆಕ್ಕ. ಅದರ ಮೇಲೆ ನೀವು ಹೊಗೆ ಬೇರೆ ಹಿಡಿದ್ರಿ. ಅದರ ಶ್ವಾಸಕೋಶ ಬಹಳ ಸೂಕ್ಷ್ಮ, ಮಾರಾಯ್ರೆ. ಪಂಜರ ನೋಡಿದ್ರೆ ಏಸಿಯ ಗಾಳಿಗೆ ನೇರ ಇಟ್ಟಿದ್ದೀರಿ. ನೀರಿನ ಬಟ್ಟಲು ಇಟ್ಟಿದ್ದೀರಿ. ಇದು ಬಟ್ಟಲಿನ ನೀರನ್ನು ಗುರುತಿಸುದೇ ಕಷ್ಟ, ಎಲೆ ಮೇಲಿನ ಹನಿ ನೆಕ್ಕುವ ಜಾತಿ. ಕಣ್ಣು ಒಳಗೆ ಹೋಗಿದೆ ನೋಡಿ."

"ಬದುಕ್ತದಾ ಆಂಟಿ?" ಎಂದು ಕೇಳಿದಳು ಲುಜೈನ್.

ಹಫ್ಸಾ ಮಕ್ಕಳಿಗೆ ಸುಳ್ಳು ಸಮಾಧಾನ ಹೇಳುವವರಲ್ಲ. "ಹಗಲು ಹೊತ್ತು ಗೋಸುಂಬೆ ಕಣ್ಣು ಮುಚ್ಚಿದ್ರೆ ಅದು ಒಳ್ಳೆ ಲಕ್ಷಣ ಅಲ್ಲ, ಮಗಾ. ಈಗಲೇ ಕ್ಲಿನಿಕ್‌ಗೆ ಕೊಂಡೋಗುವ. ಪ್ರಯತ್ನ ಮಾಡುವ."

ಪಚ್ಚುವನ್ನು ಕೈಯಲ್ಲಿ ಹಿಡಿಯದೆ, ಕೂತ ಕೊಂಬೆಯ ಸಮೇತ ಒಂದು ಡಬ್ಬಿಯಲ್ಲಿಟ್ಟು ಬಟ್ಟೆ ಮುಚ್ಚಿ ಕೊಂಡೊಯ್ದರು. ಮೈಗೆ ನೀರಿನಂಶ ಹೋಗುವಂತೆ ಚುಚ್ಚುಮದ್ದು ಕೊಟ್ಟಾಯಿತು. ಮನೆಗೆ ಬಂದ ಮೇಲೆ ಪಂಜರ ಏಸಿಯ ಎದುರಿನಿಂದ ಮೂಲೆಗೆ ಹೋಯಿತು. ಬಿಸಿ ಕೊಡುವ ದೀಪದ ಪಕ್ಕ ಬಿಸಿಲಿನ ಬದಲಿಗೆ ಇರುವ ಇನ್ನೊಂದು ದೀಪ ಬಂತು. ಅಡಗಿಕೊಳ್ಳಲು ಎಲೆಯ ಗಿಡ ಬಂತು. ಎಲೆಗಳಿಗೆ ನೀರು ಚಿಮುಕಿಸುವ ಕೆಲಸ ಲುಜೈನಳದ್ದಾಯಿತು. ಇನ್ನು ಯಾರೂ ಅದನ್ನು ಎತ್ತಬಾರದು ಎಂದು ಹಫ್ಸಾ ಖಡಾಖಂಡಿತವಾಗಿ ಹೇಳಿದರು.

ಅತೀಕ್‌ಗೆ ಉಳಿದದ್ದೆಲ್ಲ ಒಪ್ಪಿಗೆಯಾಯಿತು, ಈ ಕೊನೆಯದ್ದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಬರುವ ಶುಕ್ರವಾರಕ್ಕೆ ಅವರು ದೂರದ ಯಾನ್ಬು ಪಟ್ಟಣದಿಂದ ಪೊಡಿಯಬ್ಬ ಹಾಜಿಯವರನ್ನು ಕರೆದಿದ್ದರು. ಅತೀಕ್ ಈ ದೇಶಕ್ಕೆ ಹೊಸದಾಗಿ ಬಂದಾಗ ತಮ್ಮ ಅಂಗಡಿಯಲ್ಲಿ ಕೂರಿಸಿಕೊಂಡು ವ್ಯಾಪಾರ ಕಲಿಸಿದ ಹಿರಿಯರು ಅವರು. "ಮೊಮ್ಮಕ್ಕಳನ್ನು ಕರ್ಕೊಂಡು ಬನ್ನಿ, ಗೋಸುಂಬೆ ಕೈಗೆ ಕೊಡ್ತೇನೆ" ಎಂದು ಬಾಯಿತುಂಬ ಹೇಳಿಯೂ ಆಗಿತ್ತು.

"ಡಾಕ್ಟ್ರೇ, ಒಂದು ಐದು ನಿಮಿಷ ಕೊಟ್ರೆ ಎಂತ ಆಗ್ತದೆ? ಹಾಜಿಯವರಿಗೆ ಇಲ್ಲ ಅಂತ ಹೇಳುದು ಹೇಗೆ? ನಾಯಿ, ಬೆಕ್ಕು ಎಲ್ಲ ಎತ್ತಿಕೊಂಡ್ರೆ ಖುಷಿ ಪಡ್ತದಲ್ವಾ?"

"ಇದು ನಾಯಿ ಅಲ್ಲ, ಬೆಕ್ಕೂ ಅಲ್ಲ. ಹೋಗ್ಲಿ, ನಿಮ್ಮ ಅಂಗಡಿಗೆ ಬಂದ ಗಿರಾಕಿಗೆ ಬಟ್ಟೆ ಬೇಡ ಅಂತ ನಿಮಗೆ ಹೇಗೆ ಗೊತ್ತಾಗ್ತದೆ? ಬಾಯಿಬಿಟ್ಟು ಹೇಳ್ತಾರಾ?"

ಅತೀಕರ ಮುಖ ಅರಳಿತು. ಈ ವಿಷಯ ಬಂದರೆ ಅವರನ್ನು ನಿಲ್ಲಿಸುವವರಿಲ್ಲ. "ಹೇಳುದೆಂತದ್ದು! ಭುಜ ಸ್ವಲ್ಪ ಆ ಕಡೆ ತಿರುಗ್ತದೆ. ಒಂದು ಕಣ್ಣು ಬಟ್ಟೆ ಮೇಲೆ ಇದ್ರೂ ಇನ್ನೊಂದು ಬಾಗಿಲ ಮೇಲೆ. ಕೈ ಹಿಂದೆ ಹೋಗ್ತದೆ. ಆಗ ಒತ್ತಾಯ ಮಾಡಿದ್ರೆ ಅವರು ಮತ್ತೆ ಈ ಜನ್ಮದಲ್ಲಿ ನಮ್ಮ ಅಂಗಡಿ ಮೆಟ್ಟಿಲು ಹತ್ತುದಿಲ್ಲ."

"ಸರಿ. ನಾಳೆ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದ ಮೇಲೆ ಪಚ್ಚುವಿನ ಮುಂದೆ ಕೂತು, ಗಿರಾಕಿಯನ್ನು ನೋಡಿದ ಹಾಗೆ ನೋಡಿ. ಮತ್ತೆ ನೀವೇ ತೀರ್ಮಾನ ಮಾಡಿ," ಎಂದು ಹೇಳಿ ಹಫ್ಸಾ ಎದ್ದು ಹೋದರು.

ಮರುದಿನ ಅತೀಕ್ ಕುರ್ಚಿ ಹಾಕಿಕೊಂಡು ಕೂತರು. ಮೊದಲು ಹೆಂಡತಿಯನ್ನು ನೋಡಿ ಸ್ವಲ್ಪ ನಕ್ಕರು, ಇದೆಲ್ಲ ಎಂಥ ಆಟ ಎನ್ನುವ ಹಾಗೆ. ಪಚ್ಚು ಮೇಲಿನ ಕೊಂಬೆಗೆ ಬಂದಿತ್ತು. ಬಣ್ಣ ಮಾಸಿದ್ದರೂ ಹಸಿರೇ ಇತ್ತು. ಅತೀಕ್ ಮೆಲ್ಲಗೆ ಪಂಜರದ ಬಾಗಿಲು ತೆಗೆದು ಕೈ ಚಾಚಿದರು.

ಪಚ್ಚು ನಿಧಾನಕ್ಕೆ ಕೊಂಬೆಯ ಆಚೆ ಬದಿಗೆ ಸರಿಯಿತು. ಮೈಯನ್ನು ಎಲೆಯಷ್ಟು ತೆಳ್ಳಗೆ ಮಾಡಿಕೊಂಡು ಕೊಂಬೆಯ ಮರೆಯಲ್ಲಿ ನಿಂತಿತು. ಒಂದು ಕಣ್ಣು ಮಾತ್ರ ಈ ಕಡೆ ತಿರುಗಿ ಅವರ ಬೆರಳನ್ನೇ ನೋಡುತ್ತಿತ್ತು. ಪಕ್ಕೆಯ ಮೇಲೆ ಕಪ್ಪು ಪಟ್ಟೆಗಳು ಒಂದೊಂದಾಗಿ ಮೂಡಿದವು. ಮೈ ಹಿಂದೆ ಮುಂದೆ ತೂಗತೊಡಗಿತು.

ಅತೀಕ್ ಕೈ ಹಿಂದಕ್ಕೆ ತೆಗೆದುಕೊಂಡರು. ಬಾಗಿಲು ಮುಚ್ಚಿ ಮತ್ತೆ ಕೂತರು. ಲುಜೈನ್ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಪಟ್ಟೆಗಳು ಮೆಲ್ಲಮೆಲ್ಲಗೆ ಇಳಿದವು.

"ಅಬ್ಬಾ, ಅದು ಎಂತ ಹೇಳ್ತಾ ಉಂಟು?"

"ನನ್ನನ್ನು ಬಿಟ್ಟುಬಿಡಿ ಅಂತ." ಅತೀಕ್ ಮಗಳ ಕಡೆ ತಿರುಗಿದರು. "ಶುಕ್ರವಾರವೂ ಅದನ್ನೇ ಹೇಳಿದ್ದು, ಮಗಳೇ. ನಾವು ಚಪ್ಪಾಳೆ ತಟ್ಟಿದ್ದು." ಅವರಿಗೆ ನಾಚಿಕೆಯೂ ಆಯಿತು, ಕನಿಕರವೂ ಆಯಿತು. ಗೇಣುದ್ದದ ಆ ಜೀವ ಮೈಯೆಲ್ಲ ಬಾಯಿ ಮಾಡಿಕೊಂಡು ಕೂಗಿತ್ತು, ಮನೆತುಂಬ ಜನರಿದ್ದರೂ ಕೇಳುವವರು ಇರಲಿಲ್ಲ.

ಶುಕ್ರವಾರ ಬಂತು. ಪಚ್ಚು ಕಣ್ಣು ತೆರೆದಿತ್ತು, ಎಲೆಯ ಹನಿ ನೆಕ್ಕಿತ್ತು, ಆದರೆ ಇನ್ನೂ ಒಂದು ಮಿಡತೆಯನ್ನೂ ಮುಟ್ಟಿರಲಿಲ್ಲ. ಇವತ್ತೂ ತಿನ್ನದಿದ್ದರೆ ಕಷ್ಟ ಎಂದು ಹಫ್ಸಾ ಬೆಳಿಗ್ಗೆ ಹೇಳಿಹೋಗಿದ್ದರು. ಇತ್ತ ಊಟ ಮುಗಿಸಿದ ಪೊಡಿಯಬ್ಬ ಹಾಜಿ ಗಡ್ಡ ನೀವಿಕೊಂಡು ಕೇಳಿದರು.

"ಎಲ್ಲಿ ಮಾರಾಯ ನಿನ್ನ ಗೋಸುಂಬೆ? ಮಕ್ಕಳು ಯಾನ್ಬುವಿನಿಂದ ಅದೇ ಜಪ ಮಾಡಿಕೊಂಡು ಬಂದಿದ್ದಾರೆ. ಕೊಡು, ಮೊದಲು ನನ್ನ ಕೈಗೆ ಕೊಡು."

ಬತೂಲ್ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ಮನೆಗೆ ಬಂದವರಿಗೆ ಇಲ್ಲ ಎಂದ ಗಂಡನನ್ನು ಅವರು ಇವತ್ತಿನವರೆಗೆ ನೋಡಿರಲಿಲ್ಲ.

"ಕೊಡುದಿಲ್ಲ, ಹಾಜಿಯವರೇ," ಎಂದರು ಅತೀಕ್. "ಮಾಫ್ ಮಾಡಿ. ಮಾತು ಕೊಟ್ಟವ ನಾನೇ, ತಪ್ಪುವವನೂ ನಾನೇ. ಅದಕ್ಕೆ ನಮ್ಮ ಕೈ ಅಂದ್ರೆ ಭಯ. ಹುಷಾರು ಬೇರೆ ಇಲ್ಲ."

ಹಾಜಿಯವರ ಹುಬ್ಬು ಗಂಟಿಕ್ಕಿತು. "ಹಲ್ಲಿಗೆ ಭಯ ಆಗ್ತದೆ ಅಂತ ನನಗೆ ಇಲ್ಲ ಹೇಳ್ತೀಯಾ?"

"ಹೌದು, ಹಾಜಿಯವರೇ. ನೀವು ದೊಡ್ಡವರು, ನನ್ನ ಮೇಲೆ ಸಿಟ್ಟಾದ್ರೆ ನಾನು ಯಾನ್ಬುವಿಗೆ ಬಂದು ಕಾಲು ಹಿಡಿದೇನು. ಅದಕ್ಕೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ. ಬನ್ನಿ, ಇಲ್ಲಿಂದಲೇ ನೋಡುವ."

ಹಾಜಿ ಎದ್ದು ಬಂದರು. ಮಕ್ಕಳೆಲ್ಲ ಪಂಜರದಿಂದ ದೂರ ನೆಲದ ಮೇಲೆ ಕೂತರು. ಲುಜೈನ್ ತುಟಿಯ ಮೇಲೆ ಬೆರಳಿಟ್ಟಳು. ಬತೂಲ್ ಈ ಬಾರಿ ಧೂಪ ಹಚ್ಚಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಒಂದು ಮಗು ಆಕಳಿಸಿತು.

ಆಮೇಲೆ ಪಚ್ಚುವಿನ ಒಂದು ಕಣ್ಣು ಮಕ್ಕಳ ಮೇಲೆ ನಿಂತಿತು, ಇನ್ನೊಂದು ಕಣ್ಣು ಮೆಲ್ಲಗೆ ಮಿಡತೆಯ ಕಡೆ ತಿರುಗಿತು. ಸ್ವಲ್ಪದರಲ್ಲಿ ಎರಡೂ ಕಣ್ಣು ಮಿಡತೆಯ ಮೇಲೆಯೇ ನೆಟ್ಟವು. ಚಟ್ ಎಂದು ನಾಲಗೆ ಹೊರಬಂದು ಒಳಹೋಯಿತು. ಮಿಡತೆ ಇರಲಿಲ್ಲ. ಪಚ್ಚುವಿನ ದವಡೆ ಆಡುತ್ತಿತ್ತು.

ಲುಜೈನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತಳು. ಹಾಜಿಯವರು ಅತೀಕರ ಭುಜದ ಮೇಲೆ ಕೈಯಿಟ್ಟರು. "ಒಳ್ಳೇದು ಮಾಡಿದಿ. ಕೈಗೆ ಕೊಟ್ಟಿದ್ರೆ ಇದನ್ನು ನೋಡ್ಲಿಕ್ಕೆ ಸಿಗ್ತಿರಲಿಲ್ಲ," ಎಂದರು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಜೀವ ಇರಬಹುದು. ಅದನ್ನು ಆಟಕ್ಕೆ, ಫೋಟೊಗೆ ಎತ್ತಬೇಡಿ. ಪಂಜರ ಬದಲಿಸಲೋ ಡಾಕ್ಟರ ಹತ್ತಿರ ಹೋಗಲೋ ಎತ್ತಲೇಬೇಕಾದರೆ ಮೇಲಿಂದ ಹಿಡಿಯಬೇಡಿ. ಎದುರಿನಲ್ಲಿ, ಕೆಳಗಿನಿಂದ ಕೈಯನ್ನೋ ಕೊಂಬೆಯನ್ನೋ ಚಾಚಿ, ಅದೇ ಹತ್ತಿ ಬರುವವರೆಗೆ ಕಾಯಿರಿ. ಮೈ ಕಪ್ಪಾದರೆ, ಉಬ್ಬಿದರೆ, ಬಾಯಿ ತೆರೆದು ಬುಸುಗುಟ್ಟಿದರೆ, ಮರೆಗೆ ಸರಿದರೆ ಅಲ್ಲಿಗೇ ನಿಲ್ಲಿಸಿ. ಹಗಲಲ್ಲಿ ಕಣ್ಣು ಮುಚ್ಚಿ ಕೂತರೆ ನಾಳೆ ನೋಡೋಣ ಎನ್ನಬೇಡಿ, ಅಂದೇ ಪ್ರಾಣಿ ವೈದ್ಯರಲ್ಲಿಗೆ ಹೋಗಿ. ಸಾಕುವ ಆಸೆ ಇದ್ದವರು ಮೊದಲು ಕಲಿತು ಆಮೇಲೆ ತನ್ನಿ. ಬೆಟ್ಟ ಕಾಡುಗಳಲ್ಲಿ ತನ್ನ ಪಾಡಿಗೆ ಇರುವುದನ್ನು ಹಿಡಿದು ತರುವುದಂತೂ ಬೇಡವೇ ಬೇಡ.

ಮಾತು ಬದಲಿಸುವ ಮನುಷ್ಯನನ್ನು ನಾವು ಗೋಸುಂಬೆ ಎಂದು ಬೈಯುತ್ತೇವೆ. ಪಾಪ, ಒಳಗೊಂದು ಹೊರಗೊಂದು ಮಾಡುವುದು ಆ ಪ್ರಾಣಿಗೆ ಗೊತ್ತೇ ಇಲ್ಲ. ಹೆದರಿಕೆಯಾದರೆ ಹೆದರಿಕೆಯನ್ನೇ ಮೈಮೇಲೆ ಬರೆದುಕೊಂಡು ನಿಮ್ಮ ಮುಂದೆ ನಿಲ್ಲುತ್ತದೆ. ಅದು ಬೇಡ ಎಂದರೆ ನಂಬಿ, ಕೈ ಹಿಂದಕ್ಕೆ ತೆಗೆದುಕೊಳ್ಳಿ.