ಲೋಟದ ತುಂಬ ನೀಲಿ ಪೆನ್ನು

ಪುಟ್ಟ ಮಕ್ಕಳಿಗೆ ರಷ್ಯನ್ ಕಾಗುಣಿತ ಕಲಿಸುವವರಿಗೆ ಎರಡು ಬಣ್ಣದ ಪೆನ್ನು ಬೇಕು. ಕೆಂಪು ಎಲ್ಲರಿಗೂ ಕಾಣಲಿಕ್ಕೆ, ನೀಲಿ ಯಾರಿಗೂ ಕಾಣದಿರಲಿಕ್ಕೆ. ಫೈನಾ ಯೆಗೊರೊವ್ನಾ ಅವರ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಒಂದು ಗಾಜಿನ ಲೋಟವಿತ್ತು, ಅದರಲ್ಲಿ ಒಂಬತ್ತು ನೀಲಿ ಪೆನ್ನುಗಳು. ಒಂದು ಕಡುನೀಲಿ, ಒಂದು ನೇರಳೆಗೆ ವಾಲಿದ್ದು, ಒಂದು ಮಸುಕು, ಹೀಗೆ ಒಂದೊಂದೂ ಒಂದೊಂದು ಬಗೆ. ತರಗತಿಯ ಯಾವ ಮಗು ಯಾವ ನೀಲಿಯಲ್ಲಿ ಬರೆಯುತ್ತದೆಂದು ಅವರಿಗೆ ಬಾಯಿಪಾಠವಾಗಿತ್ತು.

ಈ ವಿದ್ಯೆಯನ್ನು ಯಾವ ತರಬೇತಿ ಕಾಲೇಜೂ ಹೇಳಿಕೊಡುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ ಹಿರಿಯ ಟೀಚರೊಬ್ಬರು ಕಿವಿಯಲ್ಲಿ ಉಸುರುತ್ತಾರೆ. ಪರೀಕ್ಷೆಯ ಉಕ್ತಲೇಖನ ಮುಗಿದ ಮೇಲೆ ನೋಟುಪುಸ್ತಕಗಳನ್ನು ಮನೆಗೆ ಒಯ್ಯಿ, ತಪ್ಪಾದ ಅಕ್ಷರವನ್ನು ಬ್ಲೇಡಿನ ಮೂಲೆಯಿಂದ ಹೆರೆ, ಉಗುರಿನಿಂದ ಕಾಗದವನ್ನು ಉಜ್ಜಿ ನುಣುಪು ಮಾಡು, ಆ ಮಗುವಿನದೇ ನೀಲಿಯಲ್ಲಿ ಸರಿಯಾದ ಅಕ್ಷರ ಕೂರಿಸು. ಆಮೇಲೆ ಕೆಂಪು ತೆಗೆದುಕೊಂಡು ಅಂಕ ಹಾಕು. ಅಂಕ ಐದಕ್ಕೆ, ಎರಡು ಬಂದರೆ ನಪಾಸು. ತರಗತಿಯಲ್ಲಿ ಪಾಸಾದವರ ಶೇಕಡಾವಾರು ಜಿಲ್ಲಾ ಕಚೇರಿಗೆ ಹೋಗಬೇಕು, ಅದು ನೂರಕ್ಕೆ ನೂರಿರಬೇಕು. ಅಷ್ಟು ಮಕ್ಕಳಲ್ಲಿ ಒಂದೂ ತಪ್ಪದೆ ಇರುವುದು ಹೇಗೆ ಎಂದು ಕಚೇರಿಯವರೂ ಕೇಳುವುದಿಲ್ಲ. ಅವರೂ ಒಂದು ಕಾಲಕ್ಕೆ ಟೀಚರುಗಳೇ ಆಗಿದ್ದವರು.

ಫೈನಾ ಯೆಗೊರೊವ್ನಾ ಈ ಕೆಲಸವನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮಾಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಅಗಸೆನಾರಿನ ಗಿರಣಿಯ ಮುಂದಿನ ಚೌಕದಲ್ಲಿ, ಗೌರವ ಫಲಕದ ಮೇಲೆ, ಒಳ್ಳೆಯ ನೇಕಾರ್ತಿಯರ ಸಾಲಿನಲ್ಲಿ ಅವರ ಫೋಟೋ ಎರಡು ವರ್ಷದಿಂದ ತೂಗುತ್ತಿತ್ತು. ಬರುವ ವಸಂತಕ್ಕೆ ನಿವೃತ್ತಿ.

ಎಂಬತ್ತಮೂರನೇ ಇಸವಿಯ ನವೆಂಬರ್. ಕ್ರಾಂತಿಯ ಹಬ್ಬದ ರಜೆ ಮುಗಿದು ಶಾಲೆ ತೆರೆದ ದಿನ ಟೀಚರುಗಳ ಕೋಣೆಯಲ್ಲಿ ಆಲ್ಬಿನಾ ಒಂದು ಪುಸ್ತಕವನ್ನು ಅವರ ಮುಂದೆ ಹಾಕಿದಳು. ಆಲ್ಬಿನಾ ನಾಲ್ಕನೇ ತರಗತಿಗೆ ರಷ್ಯನ್ ಹೇಳಲು ಹೊಸದಾಗಿ ಬಂದವಳು. ಊರಿನ ಮಕ್ಕಳು ಮೂರು ವರ್ಷ ಫೈನಾ ಅವರ ಕೈಯಲ್ಲಿ ಕಲಿತು ಅವಳ ಕೈಗೆ ಹೋಗುತ್ತಿದ್ದರು.

"ನೋಡಿ, ನಿಮ್ಮ ಜೋಯಾ ಶುಬಿನಾ. ನಿಮ್ಮ ಹತ್ರ ಇದ್ದಾಗ ಬರೀ ನಾಲ್ಕು, ಒಂದೊಂದ್ಸಲ ಐದು. ನನ್ನ ಹತ್ರ ಬಂದ ಮೇಲೆ ಆರು ಉಕ್ತಲೇಖನ, ಆರಕ್ಕೆ ಆರೂ ಎರಡು. ನಾನೇನು ಮಕ್ಕಳ ತಲೆಯಿಂದ ವಿದ್ಯೆ ಕಿತ್ಕೊಳ್ಳೋ ಮಾಟಗಾತಿನಾ?"

ಫೈನಾ ಯೆಗೊರೊವ್ನಾ ಪುಸ್ತಕ ತೆರೆದರು. ಪುಟ ಕೆಂಪಾಗಿತ್ತು. ಪದದ ನಡುವಿನ ಅಕ್ಷರ ಬಿಟ್ಟುಹೋಗಿತ್ತು, ಎರಡು ಪದ ಒಂದಕ್ಕೊಂದು ಅಂಟಿಕೊಂಡಿದ್ದವು, ಕೆಲವು ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದ್ದವು. ಅವರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಮೂರು ವರ್ಷ ಈ ಬರಹವನ್ನು ಅವರಷ್ಟು ಹತ್ತಿರದಿಂದ ಇನ್ನಾರೂ ನೋಡಿರಲಿಲ್ಲ.

"ನಿಯಮ ಕೇಳಿದ್ರೆ ಪಟಪಟ ಹೇಳ್ತಾಳೆ," ಅಂದಳು ಆಲ್ಬಿನಾ. "ಸ್ವರದ ಮೇಲೆ ಅನುಮಾನ ಬಂದ್ರೆ ಪದದ ರೂಪ ಬದಲಿಸು, ಉಚ್ಚಾರದ ಒತ್ತು ಆ ಸ್ವರದ ಮೇಲೆ ಬೀಳೋ ಹಾಗೆ ಮಾಡಿ ಕಿವಿಗೊಟ್ಟು ಕೇಳು, ಎಲ್ಲಾ ಗೊತ್ತು. ಬರೆಯೋಕೆ ಕೂತ್ರೆ ಹಿಂಗೆ. ಅಂದ್ರೆ ಸೋಮಾರಿತನ. ಅವಳ ಅಮ್ಮನ್ನ ಕರೆದು ಹೇಳಿದೀನಿ."

"ಸೋಮಾರಿತನ ಅಲ್ಲದೇ ಇರಬಹುದು," ಎಂದರು ಫೈನಾ ಯೆಗೊರೊವ್ನಾ, ಪುಸ್ತಕದಿಂದ ಕಣ್ಣೆತ್ತದೆ. "ಜಿಲ್ಲೆಯಲ್ಲಿ ಒಬ್ಬರಿದ್ದಾರಲ್ಲ, ಮಾತು ಬರಹ ತಿದ್ದೋರು. ಅಲ್ಲಿಗೆ ಕಳಿಸಿದ್ರೆ..."

"ವಿಚಾರಿಸಿದೆ. ಅವರು ಮೂರನೇ ಕ್ಲಾಸಿನ ತನಕದ ಮಕ್ಕಳನ್ನ ಮಾತ್ರ ತಗೋತಾರಂತೆ. ದೊಡ್ಡವರನ್ನ ತಗೋಬೇಕಾದ್ರೆ ಮೊದಲಿಂದ್ಲೂ ಹಿಂಗೇ ಅಂತ ಮೊದಲ ಟೀಚರ್ ಬರೆದುಕೊಡಬೇಕು." ಆಲ್ಬಿನಾ ನಕ್ಕಳು. "ನೀವೆಲ್ಲಿಂದ ಬರೆದುಕೊಡ್ತೀರಾ? ಪ್ರತಿ ಸೆಪ್ಟೆಂಬರ್ ಅವರು ಕಳಿಸೋ ಕಾಗದದಲ್ಲಿ 'ಅಂಥ ಮಕ್ಕಳು ಯಾರೂ ಇಲ್ಲ' ಅಂತ ನಿಮ್ಮದೇ ಸಹಿ ಇದೆ."

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಫೈನಾ ಅವರ ಕುತ್ತಿಗೆಯಿಂದ ಕೆನ್ನೆಯವರೆಗೆ ಬಿಸಿಯೇರಿತು. ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟರು.

ಸಂಜೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ಜೋಯಾಳ ತಾಯಿ ಕ್ಲಾವಾ ಸಿಕ್ಕಳು. ಕ್ಲಾವಾ ಗಿರಣಿಯಲ್ಲಿ ನೇಯುವವಳು, ಗಂಡ ಬಿಟ್ಟುಹೋದವಳು. ಎರಡು ಜಡೆ ಹಾಕಿಕೊಂಡು ಇದೇ ಫೈನಾ ಅವರ ಮುಂದೆ ಕೂತು ಅಕ್ಷರ ಕಲಿತವಳು. ಪ್ರತಿ ಶಿಕ್ಷಕರ ದಿನಕ್ಕೆ ಒಂದು ಜಾಡಿ ಉಪ್ಪು ಹಾಕಿದ ಅಣಬೆ ತಂದುಕೊಡುತ್ತಿದ್ದಳು, ಮಗಳನ್ನು ಮನುಷ್ಯಳನ್ನಾಗಿ ಮಾಡಿದ್ದಕ್ಕೆ. ಫೈನಾ ಯೆಗೊರೊವ್ನಾ ಆ ಅಣಬೆಯನ್ನು ಬೇಯಿಸಿದ ಆಲೂಗಡ್ಡೆಯ ಜೊತೆ ಚಪ್ಪರಿಸಿ ತಿಂದಿದ್ದರು.

"ನಿಮ್ಮ ಮುಖ ನೋಡೋಕೇ ನಾಚಿಕೆ ಆಗುತ್ತೆ ಫೈನಾ ಯೆಗೊರೊವ್ನಾ," ಅಂದಳು ಕ್ಲಾವಾ. "ನೀವು ಮೂರು ವರ್ಷ ಕೈ ಹಿಡಿದು ಕಲಿಸಿದ್ದನ್ನ ಆ ಹೊಸ ಟೀಚರ್ ಹುಡುಗಿ ಮೂರು ತಿಂಗಳಲ್ಲಿ ನೀರಲ್ಲಿ ಹಾಕಿದ್ಲು. ನಿಮ್ಮ ಭಯ ಇತ್ತು, ಓದ್ತಿದ್ಲು. ಈಗ ಯಾರ ಭಯಾನೂ ಇಲ್ಲ."

"ಹಂಗಲ್ಲ ಕ್ಲಾವಾ. ವಯಸ್ಸು..."

"ಬೆಲ್ಟಿಗೆ ವಯಸ್ಸಿಲ್ಲ. ಹಬ್ಬದ ದಿನ ಎರಡು ಬಿಗಿದೆ, ಮೊನ್ನೆ ಮತ್ತೆ. ನಂಗೂ ಇಷ್ಟ ಅಂತ ಅಂದ್ಕೊಬೇಡಿ. ಬರುತ್ತೆ, ಮಾಡಲ್ಲ ಅಂದ್ರೆ ಇನ್ನೇನು ಮಾಡ್ಲಿ? ನೀವೇ ಒಂದ್ಸಲ ಮನೆಗೆ ಬಂದು ಗದರಿ. ನಿಮ್ಮ ಮಾತು ಕೇಳ್ತಾಳೆ."

ಅಲ್ಲಿಯೇ, ಆ ಸಾಲಿನಲ್ಲಿಯೇ ಹೇಳಿಬಿಡಬೇಕಿತ್ತು. ಆದರೆ ಹಿಂದೆ ನಾಲ್ಕು ಜನ ಅಮ್ಮಂದಿರು ನಿಂತಿದ್ದರು, ನಾಲ್ವರ ಮಕ್ಕಳೂ ಅವರ ಶಿಷ್ಯರೇ. ನಾಳೆ ಬರುತ್ತೇನೆ ಎಂದು ಹೇಳಿ, ರೊಟ್ಟಿ ಕೊಳ್ಳದೆಯೇ ಸಾಲು ಬಿಟ್ಟು ಹೊರಟರು.

ಮನೆಯಲ್ಲಿ ಕೂತು ಜಿಲ್ಲೆಗೊಂದು ಕಾಗದ ಬರೆದರು. 'ಸದರಿ ವಿದ್ಯಾರ್ಥಿನಿಯ ಬರಹದಲ್ಲಿ ಕೆಲವು ಲಕ್ಷಣಗಳು ಮೊದಲಿನಿಂದಲೂ ಇದ್ದಿರಬಹುದಾಗಿದ್ದು, ಕೆಲಸದ ಒತ್ತಡದಲ್ಲಿ ಗಮನಕ್ಕೆ ಬಾರದೆ' ಎಂದು ಬರೆದು ನಿಲ್ಲಿಸಿದರು. ಗಮನಕ್ಕೆ ಬಾರದೆ! ಒಂದನೇ ತರಗತಿಯ ಮೊದಲ ಉಕ್ತಲೇಖನದಲ್ಲಿಯೇ ಗಮನಕ್ಕೆ ಬಂದಿತ್ತು. ಏಳು ವರ್ಷದ ಕೂಸು, ನಾಲಿಗೆ ಹೊರಗೆ ಚಾಚಿ, ಬೆವರಿ, ನಾಲ್ಕು ಸಾಲಿನಲ್ಲಿ ಹನ್ನೊಂದು ತಪ್ಪು ಮಾಡಿತ್ತು. ಎರಡು ಅಂಕ ಹಾಕಲು ಕೆಂಪು ಪೆನ್ನು ತೆಗೆದುಕೊಂಡಿದ್ದರು ಕೂಡ. ಗೌರವ ಫಲಕಕ್ಕೆ ಹೆಸರು ಹೋಗಬೇಕಿದ್ದ ಹೊತ್ತು ಅದು. ಕೆಂಪು ಕೆಳಗಿಟ್ಟು, ಲೋಟದಿಂದ ಮಸುಕು ನೀಲಿಯನ್ನು ಆರಿಸಿಕೊಂಡಿದ್ದರು. ಮಗುವಿನ ಮೇಲಿನ ಕನಿಕರಕ್ಕೆ ಹಾಗೆ ಮಾಡಿದೆ ಎಂದು ಇಷ್ಟು ದಿನ ತಮಗೆ ತಾವೇ ಹೇಳಿಕೊಂಡು ಬಂದಿದ್ದರು. ಕನಿಕರ ಇತ್ತು, ಸುಳ್ಳಲ್ಲ. ಫೋಟೋದ ಆಸೆಯ ಮುಂದೆ ಅದು ಬಹಳ ಸಣ್ಣದಾಗಿತ್ತು.

ಸಹಿ ಹಾಕದೆ ಕಾಗದವನ್ನು ಕೈಚೀಲಕ್ಕೆ ತುರುಕಿದರು.

ಮರುದಿನ ಶಾಲೆ ಬಿಟ್ಟ ಮೇಲೆ ಗಿರಣಿಯ ವಠಾರಕ್ಕೆ ಹೋದರು. ಕ್ಲಾವಾಳ ಪಾಳಿ ಇನ್ನೂ ಮುಗಿದಿರಲಿಲ್ಲ. ಬಾಗಿಲು ತೆರೆದ ಜೋಯಾ ಟೀಚರನ್ನು ಕಂಡು ನೆಟ್ಟಗೆ ನಿಂತಳು. ಹತ್ತು ವರ್ಷದ ಹುಡುಗಿ, ತೆಳ್ಳಗೆ, ಬೆರಳ ತುದಿಯಲ್ಲಿ ಶಾಯಿ.

"ಅಮ್ಮ ಇನ್ನೂ ಬಂದಿಲ್ಲ. ಬನ್ನಿ, ಟೀ ಇಡ್ತೀನಿ. ಜ್ಯಾಮ್ ಇದೆ."

"ಟೀ ಆಮೇಲೆ ಇಡುವಿಯಂತೆ ಮಗಾ. ಏನ್ಮಾಡ್ತಿದ್ದೆ?"

ಮೇಜಿನ ಮೇಲೆ ಪುಸ್ತಕಗಳು ಹರಡಿದ್ದವು. ದೂರದಿಂದಲೇ ಫೈನಾ ಅವರಿಗೆ ಅವುಗಳ ಗುರುತು ಹತ್ತಿತು. ಮೂರು ವರ್ಷದ ಪರೀಕ್ಷೆಯ ಉಕ್ತಲೇಖನಗಳು. ಶಾಲೆಯ ಬೀರುವಿನಲ್ಲಿದ್ದವನ್ನು ಮೂರನೇ ತರಗತಿ ಮುಗಿದಾಗ ನೆನಪಿಗಿರಲೆಂದು ಅವರೇ ಮಕ್ಕಳಿಗೆ ಹಂಚಿದ್ದರು. ಪಕ್ಕದಲ್ಲೊಂದು ಹೊಸ ಪುಸ್ತಕ. ಅದರಲ್ಲಿ ಜೋಯಾ ಹಳೆಯ ಉಕ್ತಲೇಖನಗಳನ್ನು ಅಕ್ಷರಕ್ಕೆ ಅಕ್ಷರ ನೋಡಿ ನಕಲು ಮಾಡುತ್ತಿದ್ದಳು. ನಕಲು ಮಾಡುವಾಗಲೂ ತಪ್ಪುತ್ತಿದ್ದಳು.

"ಇದನ್ನ ಯಾಕೆ ಬರೀತಿದೀಯ?"

ಜೋಯಾ ಕಾಲಿನ ಹೆಬ್ಬೆರಳಿಂದ ನೆಲ ಒತ್ತಿದಳು. "ಆಗ ಹೆಂಗೆ ಬರೀತಿದ್ದೆ ಅಂತ ನೋಡ್ತಿದೀನಿ. ಆಗ ನಂಗೆ ಬರ್ತಿತ್ತಲ್ಲ. ಕೈ ಅದೇ, ಪೆನ್ನೂ ಅದೇ. ಅದೇ ಥರ ಬರೆದ್ರೆ ವಾಪಸ್ ಬರುತ್ತೇನೋ ಅಂತ." ಮೆಲ್ಲಗೆ ಕೇಳಿದಳು. "ಫೈನಾ ಯೆಗೊರೊವ್ನಾ, ತಲೆ ಕೆಡುತ್ತೆ ಅಂತಾರಲ್ಲ, ಅದು ಹಿಂಗೇನಾ ಶುರುವಾಗೋದು? ಅಮ್ಮಂಗೆ ಹೇಳ್ಬೇಡಿ. ಸೋಮಾರಿ ಅಂತಾನೇ ಅಂದ್ಕೊಂಡಿರ್ಲಿ."

ಫೈನಾ ಯೆಗೊರೊವ್ನಾ ಕುರ್ಚಿ ಎಳೆದುಕೊಂಡು ಕೂತರು. ಕೋಟು ಬಿಚ್ಚಲು ಕೂಡ ನೆನಪಾಗಲಿಲ್ಲ. ಈ ಕೂಸು ಹುಚ್ಚು ಹಿಡಿಯುತ್ತಿದೆಯೆಂದು ಹೆದರಿಕೊಂಡು, ಆ ಹೆದರಿಕೆಯನ್ನು ಅಮ್ಮನಿಂದ ಮುಚ್ಚಿಟ್ಟು, ಬೆಲ್ಟಿನ ಏಟು ತಿಂದಿತ್ತು. ಅವರಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲ ಎನಿಸಿತು.

"ಇಲ್ಲಿ ಬಾ. ಪಕ್ಕದಲ್ಲಿ ಕೂತ್ಕೋ." ಒಂದನೇ ತರಗತಿಯ ಪುಸ್ತಕವನ್ನು ಎಳೆದುಕೊಂಡರು. "ಇದು ನೀನು ಬರೆದಿದ್ದಲ್ಲ."

"ನಾನೇ ಬರೆದಿದ್ದು. ನನ್ನ ಹೆಸರಿದೆ."

"ಹೆಸರು ನಿಂದು. ಅರ್ಧ ಅಕ್ಷರ ನಂದು. ಹಾಳೆಯನ್ನ ಬೆಳಕಿಗೆ ಹಿಡಿ."

ಜೋಯಾ ಹಾಳೆಯನ್ನು ಕಿಟಕಿಯ ಕಡೆ ಎತ್ತಿದಳು. ಬ್ಲೇಡು ಹೆರೆದ ಜಾಗದಲ್ಲೆಲ್ಲ ಕಾಗದ ತೆಳುವಾಗಿ, ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿ ಬಂತು.

"ನಾನು ತಿದ್ದಿದೆ," ಎಂದರು ಫೈನಾ ಯೆಗೊರೊವ್ನಾ. "ಪ್ರತಿ ಸಲಾನೂ ತಿದ್ದಿದೆ. ನಿನ್ನ ಪೆನ್ನಿನಂಥದೇ ಪೆನ್ನು ಇಟ್ಕೊಂಡಿದ್ದೆ. ನನ್ನ ತರಗತೀಲಿ ಯಾರೂ ತಪ್ಪು ಮಾಡಲ್ಲ ಅಂತ ಎಲ್ರೂ ನನ್ನ ಹೊಗಳ್ಲಿ ಅಂತ. ಆಗ್ಲೇ ನಿನ್ನನ್ನ ಜಿಲ್ಲೆಗೆ ಕಳಿಸಿದ್ರೆ ಅಲ್ಲಿಯೋರು ನಿಂಗೆ ಬೇರೆ ದಾರೀಲಿ ಬರೆಯೋದು ಕಲಿಸ್ತಿದ್ರು. ನಾನು ಕಳಿಸ್ಲಿಲ್ಲ. ತಪ್ಪು ನಂದು ಮಗಾ. ನಿಂದೇನೂ ಇಲ್ಲ."

ಜೋಯಾ ಡಬ್ಬಿಯಿಂದ ಒಂದು ಕೆಂಪು ಪೆನ್ಸಿಲ್ ತೆಗೆದು ಅವರ ಮುಂದಿಟ್ಟಳು.

"ಯಾವ್ಯಾವುದು ನಿಮ್ದು ಅಂತ ತೋರಿಸಿ."

ಫೈನಾ ಯೆಗೊರೊವ್ನಾ ತೋರಿಸಿದರು. ತಾವು ಅಡಗಿಸಿಟ್ಟ ಒಂದೊಂದು ಅಕ್ಷರವನ್ನೂ ಹುಡುಕಿ ಅದರ ಸುತ್ತ ಕೆಂಪು ಸುತ್ತಿದರು. ಒಂದನೇ ತರಗತಿ ಮುಗಿಯಿತು, ಎರಡನೆಯದು ಮುಗಿಯಿತು. ಕೆಲವು ಕಡೆ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವರೇ ಹಾಳೆಯನ್ನು ಬೆಳಕಿಗೆ ಹಿಡಿಯಬೇಕಾಯಿತು. ಜೋಯಾ ಪಕ್ಕದಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದಳು.

"ಹಂಗಾದ್ರೆ ನಿಜವಾಗ್ಲೂ ಎಷ್ಟು ಬರ್ಬೇಕಿತ್ತು?"

"ಎರಡು."

"ಹಾಕಿ ಮತ್ತೆ."

ನಾಲ್ಕನ್ನು ಹೊಡೆದು ಎರಡು ಹಾಕಿದರು. ಮುಂದಿನ ಪುಟದಲ್ಲೂ ಎರಡು. ಐದು ಇದ್ದ ಕಡೆಯೂ ಎರಡು. ಕೊನೆಯ ಪುಸ್ತಕ ಮುಗಿದಾಗ ಜೋಯಾಳ ಮುಖ ನೋಡಲು ಅವರಿಗೆ ಧೈರ್ಯ ಸಾಲಲಿಲ್ಲ. ಕೈಚೀಲದಿಂದ ಆ ಕಾಗದ ತೆಗೆದು, 'ಗಮನಕ್ಕೆ ಬಾರದೆ' ಎಂಬುದನ್ನು ಅಡ್ಡಗೀಟು ಹಾಕಿ ಹೊಡೆದುಹಾಕಿದರು. ಅದರ ಕೆಳಗೆ, ಮೊದಲ ದಿನದಿಂದ ತನಗೆ ಗೊತ್ತಿತ್ತು, ಉಕ್ತಲೇಖನಗಳನ್ನು ತಾನೇ ತಿದ್ದುತ್ತಿದ್ದೆ ಎಂದು ಬರೆದು ಪೂರ್ತಿ ಹೆಸರು ಹಾಕಿ ಸಹಿ ಮಾಡಿದರು. ಈ ಕಾಗದ ಜಿಲ್ಲೆ ತಲುಪಿದ ವಾರದಲ್ಲಿ ಚೌಕದ ಫಲಕದಿಂದ ಫೋಟೋ ಇಳಿಯುತ್ತದೆಂದು ಅವರಿಗೆ ಗೊತ್ತಿತ್ತು. ಇಳಿಯಲಿ ಅನ್ನಿಸಿತು.

ಆ ಹೊತ್ತಿಗೆ ಕೆಳಗೆ ಗಿರಣಿಯ ಹೆಂಗಸರ ಮಾತು, ನಗು ಕೇಳಿಸಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಜೋಯಾ ಪುಸ್ತಕಗಳನ್ನೆಲ್ಲ ಬಾಚಿ ಎದೆಗವಚಿಕೊಂಡು ಬಾಗಿಲಿಗೆ ಓಡಿದಳು. ಕ್ಲಾವಾ ತಲೆಯ ಮೇಲಿನ ಶಾಲು ಬಿಚ್ಚುತ್ತ ಒಳಗೆ ಕಾಲಿಟ್ಟಳು. ಅವಳ ರೆಪ್ಪೆಯ ಮೇಲೆ ಇನ್ನೂ ಅಗಸೆನಾರಿನ ದೂಳಿತ್ತು.

"ಗದರಿದ್ರಾ?" ಎಂದು ಟೀಚರ ಕಡೆ ನೋಡಿ ಕೇಳಿದಳು.

"ಅಮ್ಮಾ, ನೋಡು, ಎಲ್ಲಾ ಎರಡೇ," ಅಂದಳು ಜೋಯಾ. ಅವಳ ಮುಖ ಅರಳಿತ್ತು. ಮೂರು ತಿಂಗಳಿಂದ ಆ ಮುಖದಲ್ಲಿ ಯಾರೂ ಕಾಣದಿದ್ದ ಸಂತೋಷ. "ಒಂದನೇ ಕ್ಲಾಸಿಂದ್ಲೂ ಎರಡೇ ಅಮ್ಮಾ. ನನ್ನ ತಲೆ ಕೆಟ್ಟೋಗಿಲ್ಲ. ನಂಗೆ ಯಾವತ್ತೂ ಬರ್ತಾನೇ ಇರ್ಲಿಲ್ಲ."

ಕ್ಲಾವಾ ಒಂದು ಪುಸ್ತಕ ತೆಗೆದುಕೊಂಡು ಪುಟ ತಿರುಗಿಸಿದಳು. ಇನ್ನೊಂದು ಪುಟ ತಿರುಗಿಸಿದಳು. ಬಾಗಿಲ ಹಿಂದಿನ ಮೊಳೆಗೆ ತೂಗಿದ್ದ ಬೆಲ್ಟಿನ ಕಡೆ ಅವಳ ಕಣ್ಣು ಹೋಯಿತು, ಅಲ್ಲಿಂದ ಮೆಲ್ಲಗೆ ಫೈನಾ ಯೆಗೊರೊವ್ನಾ ಅವರ ಕಡೆ ತಿರುಗಿತು.

ಫೈನಾ ಯೆಗೊರೊವ್ನಾ ಎದ್ದು ನಿಂತರು. ತರಗತಿಯಲ್ಲಿ ತಪ್ಪು ಮಾಡಿದ ಮಕ್ಕಳು ನಿಲ್ಲುವ ಹಾಗೆ, ಎರಡೂ ಕೈ ಇಳಿಬಿಟ್ಟು, ಅವಳು ಕೇಳುವುದನ್ನು ಕಾದರು.