ನಾಗರತ್ನ ಮನೆ ನೋಡಿದ್ದು

ಊರು ಬಿಟ್ಟು ದುಡಿಯೋಕೆ ಹೋಗುವ ಹೆಣ್ಣುಮಗಳಿಗೆ ಕೆಲಸ ಸಿಗೋದು ಒಂದು ಕಷ್ಟ, ಇರೋಕೆ ಮನೆ ಸಿಗೋದು ಇನ್ನೊಂದು ಕಷ್ಟ. ಜೊತೆಗೆ ಗಂಡ ಇಲ್ಲ ಅಂದರಂತೂ ಕೇಳೋದೇ ಬೇಡ. ಇದು ನಮ್ಮ ರಾಯದುರ್ಗದ ನಾಗರತ್ನನ ಕಥೆ. ನಿಧಾನವಾಗಿ ಕೇಳಿ.

ನಾಗರತ್ನ ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ತಮ್ಮ ರಾಮಾಂಜಿನೇಯನ ಮನೆಯಲ್ಲಿ ಇದ್ದಳು. ತಮ್ಮ ಒಳ್ಳೆಯವನೇ. ಅವನ ಹೆಂಡತಿಯೂ ಒಂದು ದಿನ ಮುಖ ಸಿಂಡರಿಸಿದವಳಲ್ಲ. ಆದರೂ ವಯಸ್ಸು ನಲವತ್ತರ ಹತ್ತಿರ ಬಂದರೂ ತನ್ನದು ಅಂತ ಒಂದು ಬಾಗಿಲು ಇಲ್ಲವಲ್ಲ ಅನ್ನೋದು ಅವಳ ಮನಸ್ಸಿನಲ್ಲಿತ್ತು. ಕೈಕೆಲಸ ಅಚ್ಚುಕಟ್ಟು. ಹಾಗಾಗಿ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಸಬರಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಮೊದಲಿಗೆ ಪೀಜಿಯಲ್ಲಿ ಇರು, ಆಮೇಲೆ ಮನೆ ನೋಡಿಕೊಂಡರಾಯಿತು ಅಂತ ಮನೆಯಲ್ಲಿ ಮಾತಾಯಿತು.

ಬಸ್ ಹತ್ತಿಸುವಾಗ ರಾಮಾಂಜಿನೇಯ ಹೇಳಿದ, "ಅಕ್ಕ, ಒಬ್ಬಾಕಿ ಅದೀನಿ ಅಂತ ಎಲ್ಲೂ ಹೇಳಬ್ಯಾಡ. ಗಂಡ ಮಿಲಿಟ್ರಿಯಾಗ ಅದಾನ, ರಜಾಕ್ಕ ಬರ್ತಾನ ಅಂತ ಹೇಳು. ಇಲ್ಲಾಂದ್ರ ಯಾರೂ ಮನಿ ಕೊಡಂಗಿಲ್ಲ."

"ಸುಳ್ಳು ಹೇಳಿ ಎಷ್ಟು ದಿನ ಇರಾಕ ಆಗ್ತೈತಿ?"

"ಸಿಟಿ ಅಕ್ಕ ಅದು. ಅಲ್ಲಿ ನಿಜ ಯಾರಿಗೆ ಬೇಕಾಗೇತಿ?"

ನಾಗರತ್ನ ಚೀಲ ಎತ್ತಿಕೊಂಡು ಬಸ್ ಹತ್ತಿದಳು.

ಬೆಂಗಳೂರಿನಲ್ಲಿ ರಜೆಯ ದಿನ ಬಂತು ಅಂದರೆ ಮನೆ ಹುಡುಕೋದೇ ಅವಳ ಕೆಲಸವಾಯಿತು. 'ಟು ಲೆಟ್' ಬೋರ್ಡು ಕಂಡ ಕಡೆಯೆಲ್ಲ ಬಾಗಿಲು ತಟ್ಟಿದಳು. ಬಾಡಿಗೆ ಕೇಳಿಯೇ ಅರ್ಧ ಕಡೆ ಹಿಂದೆ ಬಂದಳು. ಕೈಗೆಟುಕುವ ಕಡೆ ಬೇರೆ ಪ್ರಶ್ನೆ ಬರುತ್ತಿತ್ತು. "ಯಾರ್ಯಾರು ಇರ್ತೀರಾ?" ಒಬ್ಬಳೇ ಅಂದ ಕೂಡಲೇ ಮಾತಿನ ಧಾಟಿ ಬದಲಾಗುತ್ತಿತ್ತು. ಒಬ್ಬರು ಫ್ಯಾಮಿಲಿಗೆ ಮಾತ್ರ ಅಂದರು. ಒಬ್ಬಾಕೆ, ಈಗಷ್ಟೇ ಬೇರೆಯವರು ಒಪ್ಪಿಕೊಂಡು ಹೋದರು ಅಂದಳು. ಮುಂದಿನ ವಾರ ಆ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿ ನಾಗರತ್ನ ಪಕ್ಕದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದಳು.

ಹೀಗಿರುವಾಗ ಒಬ್ಬ ಏಜೆಂಟನ ಫೋನ್ ಬಂತು. ಮೊಬೈಲಿನಲ್ಲಿ ಮನೆ ಹುಡುಕುವ ಒಂದು ಆ್ಯಪ್‌ನಲ್ಲಿ ಅವಳು ತನ್ನ ನಂಬರ್ ಹಾಕಿದ್ದಳು. ಬಲು ನಯವಾದ ಮಾತು. "ಒಬ್ಬರೇ ಇದ್ದರೆ ಏನಾಯ್ತು ಮೇಡಂ? ನಮ್ಮ ಓನರ್ ಏನೂ ಕೇಳಲ್ಲ," ಅಂದ. ಫೋಟೋ ಕಳಿಸಿದ. ತಿಳಿಹಸಿರು ಬಣ್ಣದ ಗೋಡೆ, ಅಡುಗೆಮನೆಗೆ ಬೆಳಕು, ಬಾಗಿಲ ಮುಂದೆ ತುಳಸಿ. ಅಡ್ರೆಸ್ಸೂ ಕೊಟ್ಟ. ಬಾಡಿಗೆಯೂ ಬೇರೆ ಕಡೆಗಿಂತ ಕಡಿಮೆ. "ತುಂಬ ಜನ ಕೇಳ್ತಿದ್ದಾರೆ. ಇವತ್ತು ಸಂಜೆಯೊಳಗೆ ಅಡ್ವಾನ್ಸ್ ಫೋನಿನಲ್ಲೇ ಹಾಕಿಬಿಡಿ. ಬೀಗದ ಕೈ ಭಾನುವಾರ ಕೊಡ್ತೀನಿ."

ಎಷ್ಟೋ ಬಾಗಿಲಲ್ಲಿ ಬೇಡ ಅನ್ನಿಸಿಕೊಂಡವಳಿಗೆ, ಏನೂ ಕೇಳದೆ ಮನೆ ಕೊಡ್ತೀನಿ ಅಂದವನು ದೇವರ ಹಾಗೆ ಕಂಡ. ಬುದ್ಧಿ ಇಲ್ಲದೆ ಅಲ್ಲ, ದಣಿದು ನಂಬಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಫೋಟೋವನ್ನು ಮಂಗಳಾಗೆ ತೋರಿಸಿದಳು. ಮಂಗಳಾ ಮಡಕಶಿರದ ಕಡೆಯವಳು, ಅದೇ ಫ್ಯಾಕ್ಟರಿಯಲ್ಲಿ ಬಹಳ ವರ್ಷದಿಂದ ಇದ್ದಾಳೆ. ಬೆಂಗಳೂರಿನಲ್ಲಿ ಮನೆ ಮೇಲೆ ಮನೆ ಬದಲಾಯಿಸಿದವಳು.

"ಮನೆ ಚೆನ್ನಾಗೈತೆ ಕಣಕ್ಕ. ಹೋಗಿ ನೋಡ್ಕಂಡು ಬಂದ್ಯಾ?"

"ಇಲ್ಲ. ಸಂಜಿಯೊಳಗ ರೊಕ್ಕ ಹಾಕಬೇಕಂತ."

ಮಂಗಳಾ ತಟ್ಟೆ ಕೆಳಗಿಟ್ಟಳು. "ನೋಡ್ದೆ ಇರೋ ಮನೆಗೆ ದುಡ್ಡು ಹಾಕ್ಬ್ಯಾಡಕ್ಕ. ಫೋಟೋ ಯಾರ ಮನೇದು ಬೇಕಾದ್ರೂ ತಕ್ಕಂಡು ಕಳಿಸ್ಬೋದು. ಓನರ್ ಮುಖ ನೋಡ್ದೆ, ಕರಾರು ಬರೀದೆ, ಒಂದು ರೂಪಾಯಿ ಕೊಡ್ಬ್ಯಾಡ."

"ಈ ಮನಿ ಕೈ ತಪ್ಪಿದ್ರ? ಒಬ್ಬಾಕಿಗೆ ಯಾರು ಕೊಡ್ತಾರ ಮಂಗಳಾ? ನಿನಗೇನು, ಗಂಡ ಮಕ್ಕಳು ಅದಾರ."

ಮಾತು ಕೊಂಚ ಚುಚ್ಚಿತೇನೋ. ಆದರೂ ಮಂಗಳಾ ಅಂದಳು, "ಕೈ ತಪ್ಪಿದ್ರೆ ಇನ್ನೊಂದು ನೋಡಣ. ದುಡ್ಡು ತಪ್ಪಿದ್ರೆ? ನೋಡಿದ ಮೇಲೆ ಕೊಡ್ತೀನಿ ಅಂತ ಅವ್ನಿಗೊಂದು ಮಾತು ಹೇಳು. ಏನಂತಾನೆ ಕೇಳು. ಅಷ್ಟೇ."

ನಾಗರತ್ನ ಅಲ್ಲೇ ಕೂತು ಫೋನ್ ಮಾಡಿದಳು. "ಮನಿ ನೋಡಿ, ಓನರ್ ಕೈಯಾಗೇ ಕೊಡ್ತೀನ್ರಿ." ಅವನ ನಯ ಅಲ್ಲಿಗೇ ಮುಗಿಯಿತು. ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ ಅಂತ ಗದರಿ ಫೋನ್ ಇಟ್ಟ.

ಭಾನುವಾರ ಅವಳು ಆ ಅಡ್ರೆಸ್ ಹುಡುಕಿಕೊಂಡು ಹೋದಳು. ತಿಳಿಹಸಿರು ಗೋಡೆಯ ಮನೆ ಇತ್ತು. ತುಳಸಿಯೂ ಇತ್ತು. ಒಳಗೆ ಒಂದು ಸಂಸಾರವೂ ಇತ್ತು. ಬಾಗಿಲು ತೆಗೆದ ಅಜ್ಜಿ ಹೇಳಿದರು, "ನಮ್ಮ ಮನೆ ಬಾಡಿಗೆಗೆ ಇಲ್ಲಮ್ಮ. ಹಿಂಗೆ ಕೇಳ್ಕೊಂಡು ಬಂದವರಲ್ಲಿ ನೀನೇ ಮೊದಲಲ್ಲ. ಪಾಪ, ಒಬ್ಬ ಹುಡುಗಿ ದುಡ್ಡು ಕಟ್ಟಿ ಗಂಟುಮೂಟೆ ಸಮೇತ ಬಂದಿದ್ದಳು."

ನಾಗರತ್ನ ಅಜ್ಜಿಗೆ ಕೈಮುಗಿದು ಹೊರಟಳು. ಬಸ್ ಸ್ಟಾಪಿನಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಕೊನೆಗೆ ಅಂದಳು, "ಅವನು ಸುಳ್ಳು ಹೇಳಿ ನನ್ನ ಮುಳುಗಿಸ್ತಿದ್ದ ರಾಮು. ನಾನೂ ಸುಳ್ಳು ಹೇಳಿ ಇನ್ನೊಬ್ಬರ ಮನಿ ಹೊಕ್ಕೋದಿಲ್ಲ. ಇನ್ನ ಮುಂದೂ ಒಬ್ಬಾಕಿ ಅಂತಾನೇ ಹೇಳ್ತೀನಿ. ಕೊಟ್ಟವರು ಕೊಡಲಿ."

ರಾಮಾಂಜಿನೇಯ "ಹುಷಾರಕ್ಕ," ಅಂದ, ಅಷ್ಟೇ.

ಮತ್ತೆ ಒಂದಷ್ಟು ವಾರ ಅಲೆದಾಟ. ಫ್ಯಾಕ್ಟರಿ ಹಿಂದಿನ ಬೀದಿಯಲ್ಲಿ ಹನುಮಂತರಾಯ ಅನ್ನುವವರ ಮಹಡಿ ಮನೆ ಖಾಲಿ ಇದೆ ಅಂತ ಮಂಗಳಾ ಸುದ್ದಿ ತಂದಳು. ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ. ನಾಗರತ್ನ ನಲ್ಲಿ ತಿರುಗಿಸಿ ನೀರು ನೋಡಿದಳು. ಬಾಗಿಲ ಚಿಲಕ ಒಳಗಿನಿಂದ ಹಾಕಿ ಎಳೆದು ನೋಡಿದಳು. ನೀರು ಯಾವಾಗ ಬರುತ್ತೆ, ಕರೆಂಟ್ ಮೀಟರ್ ಬೇರೆ ಇದೆಯಾ ಅಂತ ಕೇಳಿದಳು.

ಹನುಮಂತರಾಯರ ಹೆಂಡತಿ ಚಿನ್ನಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು. "ನೀನು ಇಷ್ಟು ಕೇಳಿದೆಯಲ್ಲ, ನಾನೂ ಕೇಳ್ತೀನಿ. ಯಾರ್ಯಾರು ಇರ್ತೀರಾ?"

"ನಾ ಒಬ್ಬಾಕೇರಿ. ಗಂಡ ಬಿಟ್ಟು ಹೋಗ್ಯಾನ. ದುಡಿದು ತಿಂತೀನಿ."

ಚಿನ್ನಕ್ಕ ಗಂಡನ ಮುಖ ನೋಡಿದರು. "ನಿಮ್ಮ ಮನೆಯವರ ಹತ್ರ ಮಾತಾಡ್ಬೇಕಲ್ಲ."

ನಾಗರತ್ನ ತಮ್ಮನ ನಂಬರ್ ಒತ್ತಿ ಫೋನ್ ಅವರ ಕೈಗೆ ಕೊಟ್ಟಳು. ಆ ಕಡೆಯ ಮಾತು ಕೇಳುವ ಹಾಗೆ ಚಿನ್ನಕ್ಕ ಸ್ಪೀಕರ್ ಹಾಕಿದರು. "ನಿಮ್ಮಕ್ಕನ ಗಂಡ ಏನು ಮಾಡ್ತಾರಪ್ಪ?"

ಆ ಕಡೆ ಸದ್ದಿಲ್ಲ. ನಾಗರತ್ನ ಫೋನನ್ನೇ ನೋಡುತ್ತ ನಿಂತಳು. ತಮ್ಮ ಮಿಲಿಟ್ರಿ ಅಂದುಬಿಟ್ಟರೆ ಮುಗಿಯಿತು, ಮನೆಯೂ ಹೋಯಿತು, ತಾನು ಆಡಿದ ಮಾತೂ ಹೋಯಿತು.

"ಅಕ್ಕಗ ಗಂಡ ಇಲ್ರಿ," ಅಂದ ರಾಮಾಂಜಿನೇಯ. "ಬಿಟ್ಟು ಹೋದ. ಅದರಾಗ ಆಕಿ ತಪ್ಪೇನಿಲ್ರಿ. ನನ್ನ ಮದುವಿ ಮಾಡಿದಾಕಿ ಆಕಿ. ನಮ್ಮ ಮನಿ ಎದ್ದು ನಿಂತಿದ್ದು ಆಕಿ ಹೊಲಿಗಿ ಮಿಶನ್ ಮ್ಯಾಲೆ. ನೀವು ಮನಿ ಕೊಡ್ರಿ, ಬಿಡ್ರಿ. ಆಕಿ ಹೇಳಿದ ಮಾತು ಮಾತ್ರ ನಂಬ್ರಿ."

ನಾಗರತ್ನ ಗೋಡೆ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಚಿನ್ನಕ್ಕ ಫೋನ್ ವಾಪಸ್ ಕೊಟ್ಟು, "ಬಾಡಿಗೆ ಸರಿಯಾಗಿ ಕೊಡಬೇಕು. ನಾನು ಆಗಾಗ ಮೇಲೆ ಬಂದು ಹೋಗ್ತೀನಿ, ಬೇಜಾರು ಮಾಡ್ಕೋಬಾರದು," ಅಂದರು.

"ಬರ್ರಿ, ಒಬ್ಬಾಕಿಗೆ ಮಾತಿಗೆ ಜನ ಬೇಕಲ್ರಿ," ಅಂದಳು ನಾಗರತ್ನ.

ಹನುಮಂತರಾಯರು ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡು ಬಂದರು. ತೆಲುಗು ಸ್ಕೂಲಿನಲ್ಲಿ ಓದಿದ ನಾಗರತ್ನನಿಗೆ ಕನ್ನಡ ಓದೋದು ನಿಧಾನ. ಹನುಮಂತರಾಯರು ಗಡಿಯಾರ ನೋಡಿದರೂ ಅವಳು ಸಾಲು ಬಿಡದೆ ಓದಿದಳು. ಮನೆ ಬಿಡುವಾಗ ಅಡ್ವಾನ್ಸ್ ವಾಪಸ್ ಕೊಡುವ ಮಾತೇ ಅದರಲ್ಲಿ ಇರಲಿಲ್ಲ. ಕೇಳಿ ಸೇರಿಸಿಕೊಂಡಳು. ಆಮೇಲೆ ಸಹಿ, ಆಮೇಲೆ ದುಡ್ಡು, ಅದಕ್ಕೊಂದು ರಶೀದಿ.

ಮುಂದಿನ ತಿಂಗಳು ರಾಮಾಂಜಿನೇಯ ಹೆಂಡತಿಯನ್ನೂ ಮಗಳು ಭವ್ಯಾಳನ್ನೂ ಕರೆದುಕೊಂಡು ಬಂದ. ಮಹಡಿ ಹತ್ತಿ ಹೊಸ್ತಿಲ ಹತ್ತಿರ ನಿಂತ. "ಒಳಗ ಬರಬಹುದಾ ಅಕ್ಕ?" ಅಂತ ಕೇಳಿದ. ಅವನು ತಮಾಷೆಗೆ ಕೇಳಲಿಲ್ಲ. ನಾಗರತ್ನ ಬಾಗಿಲನ್ನು ಪೂರ್ತಿ ತೆರೆದಳು. "ಬಾ," ಅಂದಳು. ಊಟ ಮಾಡುವಾಗ ಅವನು ಮಗಳಿಗೆ ಹೇಳಿದ, "ನಾಳೆ ನೀನೂ ಕೆಲಸಕ್ಕ ಬಂದ್ರ ನಿಮ್ಮತ್ತಿನ ಕೇಳು. ನನ್ನ ಮಾತು ಕೇಳಬ್ಯಾಡ."

ಅಕ್ಕತಂಗಿಯರೇ, ನಿಮ್ಮ ಮನೆಯಿಂದಲೂ ಯಾರಾದರೂ ಬಳ್ಳಾರಿಗೋ ಬೆಂಗಳೂರಿಗೋ ಹೊರಟಿರಬಹುದು. ಮನೆ ಕಣ್ಣಾರೆ ನೋಡದೆ, ಓನರ್ ಯಾರು ಅಂತ ತಿಳಿಯದೆ, ಕರಾರು ಓದದೆ ಅಡ್ವಾನ್ಸ್ ಕೊಡಬೇಡಿ ಅಂತ ಅವರಿಗೆ ಹೇಳಿ. ಈಗಲೇ ದುಡ್ಡು ಹಾಕಿ ಅಂತ ಯಾರಾದರೂ ಅವಸರ ಮಾಡಿದರೆ ಅಲ್ಲೇ ನಿಲ್ಲಿ, ಗೊತ್ತಿದ್ದವರೊಬ್ಬರನ್ನು ಕೇಳಿ. ಮೋಸ ಆಗಿ ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಾಡಿಗೆಗೆ ಮನೆ ಕೊಡುವವರಿಗೂ ಒಂದು ಮಾತು. ಒಬ್ಬಳೇ ಬಂದವಳಿಗೆ ಬಾಗಿಲು ಹಾಕುವ ಮೊದಲು ಅವಳನ್ನು ಕೂರಿಸಿ ಮಾತಾಡಿಸಿ. ನಿಮ್ಮ ಬಾಗಿಲು ಮುಚ್ಚಿದಾಗ ಅವಳು ತಟ್ಟುವ ಮುಂದಿನ ಬಾಗಿಲು ಮೋಸಗಾರನದಾಗಿರಬಹುದು.